ತೇಪೆ ಹಾಕಿದ ಹಳೆಯ ದೀಪ: ಎಣ್ಣೆ ಸೋರುವುದು ಎಲ್ಲಿಂದ?

ಪ್ರಶ್ನೆ: ನಾವು ಪುಣೆಯ ಕೋಥರೂಡಿನಲ್ಲಿದ್ದೇವೆ, ಮೂಲ ವಿಜಯಪುರ. ಮನೆಯಲ್ಲಿ ಅಜ್ಜಿಯ ಕಾಲದ ಐದು ಬತ್ತಿಯ ಹಿತ್ತಾಳೆ ಸಮಯಿ (ಕಂಬದ ದೀಪ) ಇದೆ, ಎರಡೂವರೆ ಅಡಿ ಎತ್ತರ. ಬಟ್ಟಲಿನ ತಳದಲ್ಲಿ ಬೂದುಬಣ್ಣದ ಬೆಸುಗೆ, ಅದರ ಪಕ್ಕ ರೂಪಾಯಿಯಗಲದ ತಾಮ್ರದ ತೇಪೆ. ಸಂಜೆ ದೀಪ ಹಚ್ಚಿದರೆ ಬೆಳಗ್ಗೆ ಕೆಳಗಿನ ತಟ್ಟೆಯಲ್ಲಿ ಎಣ್ಣೆ ನಿಂತಿರುತ್ತದೆ. ಇನ್ನೊಂದು, ಜುನಾ ಬಜಾರಿನಲ್ಲಿ ಕೊಂಡ ತೂಗುದೀಪ. ನಡುವೆ ಹಕ್ಕಿ, ಅದರ ಹೊಟ್ಟೆಯಲ್ಲಿ ಎಣ್ಣೆ ತುಂಬಬೇಕು. ತುಂಬಿದ ಹತ್ತೇ ನಿಮಿಷಕ್ಕೆ ಬಟ್ಟಲು ಉಕ್ಕಿ ಹರಿಯುತ್ತದೆ. ಸರಪಳಿಯ ಒಂದು ಕೊಂಡಿ ಕಬ್ಬಿಣದ್ದು. ಅಂಗಡಿಯವರು “ಎರಡಕ್ಕೂ ಗ್ಯಾಸ್ ವೆಲ್ಡಿಂಗ್ ಮಾಡಿ, ಬಫ್ ಹೊಡೆದು ಹೊಸದರ ಹಾಗೆ ಕೊಡ್ತೀವಿ” ಅನ್ನುತ್ತಾರೆ. ಕೊಡಬಹುದೇ? ಹಳೆಯ ರಿಪೇರಿ ತೆಗೆಸಬೇಕೇ? ಒಂದು ಗಾಜಿನ ಸೀಮೆಎಣ್ಣೆ ದೀಪವೂ ಇದೆ, ಅದರ ಹಿತ್ತಾಳೆ ಕತ್ತು ಅಲ್ಲಾಡುತ್ತಿದೆ.

ಉತ್ತರ: ಕೊಡಬೇಡಿ. ಬಫ್ (ಚಕ್ರಕ್ಕೆ ಹಿಡಿದು ಹೊಳಪು ಕೊಡುವುದು) ಬೇಡ, ಗ್ಯಾಸ್ ಅಂತೂ ಬೇಡವೇ ಬೇಡ. ನೀವು ಬರೆದಿರುವುದನ್ನು ನೋಡಿದರೆ ಎರಡು ದೀಪಗಳಲ್ಲೂ ಎಣ್ಣೆ ಹೋಗುತ್ತಿರುವುದು ಹಳೆಯ ತೇಪೆಯಿಂದಲೇ ಎಂದು ಹೇಳುವಂತಿಲ್ಲ. ತೇಪೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅಪವಾದ ಅದರ ಮೇಲೆ ಬರುತ್ತದೆ. ಹಕ್ಕಿಯ ದೀಪದಲ್ಲಂತೂ ಬಟ್ಟಲಿಗೂ ಸೋರಿಕೆಗೂ ಸಂಬಂಧವೇ ಇಲ್ಲದಿರಬಹುದು.

ಮೊದಲು ಸಮಯಿ. ಬತ್ತಿ ಹಾಕದೆ ಬಟ್ಟಲಿಗೆ ಎಣ್ಣೆ ತುಂಬಿ, ಕೆಳಗೆ ವೃತ್ತಪತ್ರಿಕೆ ಹಾಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಕಾಗದ ಒಣಗಿದ್ದರೆ ಬಟ್ಟಲಿನಲ್ಲಿ ದೋಷವಿಲ್ಲ, ಎಣ್ಣೆ ಇಳಿಸುತ್ತಿರುವುದು ಬತ್ತಿ. ದೀಪ ಉರಿಯುವಾಗ ಬತ್ತಿ ಎಳೆದ ಎಣ್ಣೆ ಜ್ವಾಲೆಯಲ್ಲಿ ಖರ್ಚಾಗುತ್ತದೆ. ದೀಪ ಶಾಂತವಾದ ಮೇಲೂ ಬತ್ತಿ ಎಳೆಯುವುದನ್ನು ನಿಲ್ಲಿಸುವುದಿಲ್ಲ. ಅದರ ಹೊರತುದಿ ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಬಾಗಿದ್ದರೆ ತೊಟ್ಟು ತೊಟ್ಟಾಗಿ ರಾತ್ರಿಯಿಡೀ ಇಳಿಯುತ್ತದೆ. ಎಣ್ಣೆಯನ್ನು ಅಂಚಿಗಿಂತ ಐದಾರು ಮಿಲಿಮೀಟರ್ ಕೆಳಗೇ ನಿಲ್ಲಿಸಿ, ಬತ್ತಿಯ ತುದಿ ಬಟ್ಟಲಿನ ಮೂಗಿನಿಂದ (ಬತ್ತಿ ಕೂರುವ ಚೂಪು ಅಂಚು) ಹೊರಗೆ ಜೋತುಬೀಳದಂತೆ ಇಡಿ, ದೀಪ ಶಾಂತವಾದ ಮೇಲೆ ಕಡ್ಡಿಯಿಂದ ಬತ್ತಿಯನ್ನು ಒಳಕ್ಕೆ ಎಳೆದುಬಿಡಿ. ಇಷ್ಟರಿಂದ ನಿಂತರೆ ರಿಪೇರಿಯ ಮಾತೇ ಇಲ್ಲ.

ಕಾಗದ ಒದ್ದೆಯಾಗಿದ್ದರೆ ಮುಂದೆ ನೋಡಬೇಕಾದ್ದು ನಡುವಿನ ತಿರುಪು. ಸಮಯಿ ಒಂದೇ ಅಚ್ಚಿನದಲ್ಲ. ಪೀಠ, ಕಂಬದ ತುಂಡುಗಳು, ಬಟ್ಟಲು, ಮೇಲಿನ ಶಿಖರ ಎಲ್ಲ ತಿರುಪಿನಲ್ಲಿ ಕೂಡುತ್ತವೆ. ಶಿಖರದ ತಿರುಪು ಬಟ್ಟಲಿನ ನಡುವಿನ ತೂತಿನ ಮೂಲಕ ಕಂಬಕ್ಕೆ ಇಳಿಯುವ ಮಾದರಿಯಲ್ಲಿ ಎಣ್ಣೆ ಆ ತಿರುಪಿನ ಗೆರೆಗಳಲ್ಲೇ ಸುತ್ತಿ ಸುತ್ತಿ ಕೆಳಗಿಳಿಯುತ್ತದೆ. ಹಿಂದೆ ಅಲ್ಲಿ ಚರ್ಮದ ಬಿಲ್ಲೆಯೋ ಅರಗೋ ಇದ್ದಿರುತ್ತದೆ, ಒಣಗಿ ಉದುರಿಹೋಗಿರುತ್ತದೆ. ಬಿಚ್ಚುವ ಮುನ್ನ ಪ್ರತಿ ಕೂಡುಗೆಯ ಎರಡೂ ಕಡೆ ಪೆನ್ಸಿಲಿನಿಂದ ಒಂದು ಗುರುತು ಹಾಕಿ. ಹಳೆಯ ತಿರುಪುಗಳನ್ನು ಕೈಯಲ್ಲಿ ಕೊರೆದಿರುತ್ತಾರೆ, ಒಂದರ ಜೋಡಿ ಇನ್ನೊಂದಕ್ಕೆ ಕೂರುವುದಿಲ್ಲ. ಬಿಗಿಯಾಗಿದ್ದರೆ ಪಾನಾ ಹಾಕಿ ತಿರುಗಿಸಬೇಡಿ. ಎರಡು ಹನಿ ಸೀಮೆಎಣ್ಣೆ ಬಿಟ್ಟು ಒಂದು ದಿನ ಕಾಯಿರಿ, ಗಟ್ಟಿಯಾದ ಹಳೆಯ ಜಿಡ್ಡು ಬಿಡುತ್ತದೆ. ಆಮೇಲೆ ಬಟ್ಟಲಿನ ಕೆಳಗೊಂದು ಫೈಬರ್ ವಾಷರ್ ಅಥವಾ ಎಣ್ಣೆಯಲ್ಲಿ ನೆನೆಸಿದ ಒಂದೂವರೆ ಮಿಲಿಮೀಟರ್ ದಪ್ಪದ ಚರ್ಮದ ಬಿಲ್ಲೆ ಹಾಕಿ, ತಿರುಪಿಗೆ ಎರಡು ಸುತ್ತು ಟೆಫ್ಲಾನ್ ಟೇಪ್ ಸುತ್ತಿ ಕೂರಿಸಿ. ನಲ್ಲಿ ರಿಪೇರಿಯವರ ಟೇಪ್ ದೇವರ ದೀಪಕ್ಕೆ ಏಕೆ ಎಂದು ಮೂಗು ಮುರಿಯಬೇಡಿ. ಬೇಡವೆಂದಾಗ ಬಿಚ್ಚಿ ತೆಗೆಯಬಹುದು, ದೀಪಕ್ಕೆ ಗಾಯವಾಗುವುದಿಲ್ಲ.

ಇಷ್ಟಾದ ಮೇಲೂ ಸೋರಿದರೆ ಬಿರುಕು ಹುಡುಕಬೇಕು. ನೀರು ತುಂಬಿ ನೋಡಿದರೆ ತಿಳಿಯುವುದಿಲ್ಲ, ಸಣ್ಣ ಬಿರುಕಿನಲ್ಲಿ ನೀರು ಹನಿಕಟ್ಟಿ ನಿಂತುಬಿಡುತ್ತದೆ. ಸೀಮೆಎಣ್ಣೆ ನಿಲ್ಲುವುದಿಲ್ಲ. ಬಟ್ಟಲಿನ ಜಿಡ್ಡು ತೆಗೆದು ಒಣಗಿಸಿ. ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ತೆಳುವಾಗಿ ಕಲಸಿ ಹೊರಮೈಗೆ ಬಳಿದು ಹತ್ತು ನಿಮಿಷ ಒಣಗಲು ಬಿಡಿ. ಒಳಗೆ ಎರಡು ಚಮಚ ಸೀಮೆಎಣ್ಣೆ ಹಾಕಿ, ತಳಕ್ಕೆಲ್ಲ ತಾಗುವಂತೆ ಓಲಾಡಿಸಿ, ಅರ್ಧ ಗಂಟೆ ಕಾಯಿರಿ. ಸೋರುವಲ್ಲಿ ಬಿಳಿಯ ಮೇಲೆ ಕಪ್ಪಾದ ಗೆರೆಯೋ ಚುಕ್ಕಿಯೋ ಮೂಡುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿಗೆ ಅದು ಹರಡಿ ಸ್ಥಳ ಗೊತ್ತಾಗದಂತಾಗುತ್ತದೆ. ಹತ್ತಿರ ಒಲೆ, ಊದುಬತ್ತಿ ಯಾವುದೂ ಇರಕೂಡದು.

ಗೆರೆ ತೇಪೆಯ ಸುತ್ತಲೇ ಮೂಡಿತು ಎನ್ನಿ. ಈಗ ಆ ಹಳೆಯ ರಿಪೇರಿ ಯಾವ ಜಾತಿಯದೆಂದು ತಿಳಿಯಬೇಕು. ಕಾಣದ ಮೂಲೆಯಲ್ಲಿ ಸೂಜಿಯಿಂದ ಗೀರಿ ನೋಡಿ. ಸುಲಭವಾಗಿ ಗೀರಿ ಒಳಗೆ ಬೆಳ್ಳಗೆ ಹೊಳೆದರೆ ತವರ-ಸೀಸದ ಬೆಸುಗೆ, ಬಜಾರಿನ ಹಿಂದಿಯಲ್ಲಿ ರಾಂಗಾ. ಸೀಸ ಹೆಚ್ಚಿದ್ದರೆ ಕಾಗದದ ಮೇಲೆ ಉಜ್ಜಿದಾಗ ಪೆನ್ಸಿಲಿನಂತೆ ಬೂದುಗೆರೆ ಬೀಳುತ್ತದೆ. ಸೂಜಿ ಜಾರಿದರೆ, ಬಣ್ಣ ದೀಪದ ಹಳದಿಗಿಂತ ತುಸು ಬೇರೆ ಹಳದಿಯಾಗಿದ್ದರೆ, ಅದು ಹಿತ್ತಾಳೆಯದೇ ಗಟ್ಟಿ ಬೆಸುಗೆ. ಬೆಳ್ಳಗಿದ್ದೂ ಗಟ್ಟಿಯಾಗಿದ್ದರೆ ಬೆಳ್ಳಿ ಬೆಸುಗೆ. ಬೂದುಬಣ್ಣವಿದ್ದೂ ಲೋಹದಂತೆ ತಣ್ಣಗಿಲ್ಲದೆ, ಬಿಸಿ ಸೂಜಿ ತಾಗಿಸಿದರೆ ವಾಸನೆ ಬಂದರೆ, ಎಂ-ಸೀಲ್‌ನಂಥ ಅಂಟು. ಅದು ಹಳೆಯ ರಿಪೇರಿಯಲ್ಲ, ಈಚಿನದು.

ತಾಮ್ರದ ತೇಪೆಯ ವಿಷಯ ಬೇರೆ. ಬೋಗಾರರು (ಹಿತ್ತಾಳೆ-ತಾಮ್ರದ ಕೆಲಸದವರು) ಬಿರುಕಿನ ಎರಡು ತುದಿಗೂ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ತಡೆದು, ಮೇಲೆ ತೆಳು ತಾಮ್ರದ ಹಾಳೆ ಇಟ್ಟು, ತಾಮ್ರದ ರಿವೆಟ್ ಬಡಿದು, ಒಳಗಿನಿಂದ ತವರ ಹರಿಸುತ್ತಿದ್ದರು. ಬಟ್ಟಲಿನ ಒಳಗೆ ರಿವೆಟ್ ತಲೆಗಳು ಚಪ್ಪಟೆಯಾಗಿ, ಸುತ್ತ ಬಿಳಿಯ ಉಂಗುರ ಕಟ್ಟಿದಂತೆ ಕಂಡರೆ ನಿಮ್ಮದೂ ಅದೇ ಕ್ರಮದ್ದು. ಇದನ್ನು ಕಿತ್ತುಹಾಕಿಸುವುದು ದಡ್ಡತನ. ತೇಪೆ ಗಟ್ಟಿಯಾಗಿರುತ್ತದೆ, ಸೋರುವುದು ಒಳಗಿನ ತವರದ ಉಂಗುರ ಬಿಟ್ಟ ಕಡೆ ಮಾತ್ರ. ರಿವೆಟ್ ಸಡಿಲವಾಗಿದೆಯೆಂದು ನೀವೇ ಸುತ್ತಿಗೆ ತೆಗೆದುಕೊಳ್ಳಬೇಡಿ. ಬಡಿಸಿಕೊಂಡು ಬಿಗಿಯಾದ ಹಿತ್ತಾಳೆ ರಿವೆಟ್ ತೂತಿನಿಂದಲೇ ನಕ್ಷತ್ರದಂತೆ ಬಿರಿಯುತ್ತದೆ.

ಎರಕದ ದೀಪಗಳ ಮೇಲೆ ಚೌಕಾಕಾರದ ಪುಟ್ಟ ಬಿಲ್ಲೆ ಕೂರಿಸಿದಂತೆ ಕಂಡರೆ ಅದು ರಿಪೇರಿಯೇ ಅಲ್ಲದಿರಬಹುದು. ಎರಕ ಹೊಯ್ಯುವಾಗ ಗಾಳಿ ಸಿಕ್ಕಿ ತೂತು ಉಳಿದರೆ, ಕುಶಲಕರ್ಮಿ ಅಲ್ಲಿಯೇ ಚೌಕ ಕತ್ತರಿಸಿ ಅದೇ ಲೋಹದ ತುಂಡು ಬಡಿದು ಕೂರಿಸಿ ಅರ ಹೊಡೆಯುತ್ತಿದ್ದ. ದೀಪದಷ್ಟೇ ವಯಸ್ಸು ಆ ಬಿಲ್ಲೆಗೂ.

ಗ್ಯಾಸ್ ಏಕೆ ಬೇಡ ಎನ್ನುತ್ತೇವೆಂದರೆ, ತವರ-ಸೀಸದ ಬೆಸುಗೆ ಕರಗುವುದು 183ರಿಂದ 190 ಡಿಗ್ರಿಯ ಆಸುಪಾಸಿನಲ್ಲಿ. ಹಿತ್ತಾಳೆ ಕಡ್ಡಿಯ ಬೆಸುಗೆಗೆ 850 ಡಿಗ್ರಿಗೂ ಮೇಲಿನ ಶಾಖ ಬೇಕು. ಅಷ್ಟು ಕಾಯಿಸಿದಾಗ ಅಲ್ಲಿ ಉಳಿದಿರುವ ಹಳೆಯ ತವರ, ಸೀಸ ಎರಡೂ ಹಿತ್ತಾಳೆಯೊಳಗೆ ಇಳಿದು ಅದನ್ನು ತಿನ್ನತೊಡಗುತ್ತವೆ. ಸಾಸಿವೆಯಷ್ಟಿದ್ದ ತೂತು ಕಡಲೆಯಷ್ಟಾಗುತ್ತದೆ, ಸುತ್ತಲಿನ ಲೋಹ ಬಿಸ್ಕತ್ತಿನಂತೆ ಪುಡಿಪುಡಿ. ಹಿತ್ತಾಳೆಯಲ್ಲಿರುವ ಸತು ಕುದಿಯುವುದು 907 ಡಿಗ್ರಿಗೆ. ಜ್ವಾಲೆ ಸ್ವಲ್ಪ ಹೆಚ್ಚಾದರೂ ಅದು ಬಿಳಿ ಹೊಗೆಯಾಗಿ ಹಾರಿ, ಉಳಿದ ಲೋಹ ಜೇನುಗೂಡಿನಂತೆ ತೂತುತೂತಾಗುತ್ತದೆ. ಕಂಬದೊಳಗೆ ಭಾರಕ್ಕೆಂದು ಅರಗು, ಇಟ್ಟಿಗೆ ಪುಡಿ ತುಂಬಿದ್ದರೆ ಅದೂ ಕರಗಿ ತಿರುಪಿನಿಂದ ಹೊರಗೆ ಬರುತ್ತದೆ. ಅರಗಿಗೆ 80 ಡಿಗ್ರಿ ಸಾಕು, ಅಂದರೆ ಕುದಿಯುವ ನೀರೂ ಹೆಚ್ಚಾಯಿತು. ಕಂಬ ಅಲ್ಲಾಡಿಸಿದಾಗ ಗಳಗಳ ಸದ್ದು ಬಂದರೆ, ಅಥವಾ ಗಾತ್ರಕ್ಕೆ ಮೀರಿದ ಭಾರವಿದ್ದರೆ, ಅದನ್ನು ಬಿಸಿನೀರಿನಲ್ಲಿ ಮುಳುಗಿಸಬೇಡಿ.

ಹಾಗಾದರೆ ತವರದ ಬೆಸುಗೆಗೆ ದೀಪದ ಶಾಖ ತಗುಲುವುದಿಲ್ಲವೇ? ತಳದಲ್ಲಿದ್ದರೆ ಇಲ್ಲ. ಎಣ್ಣೆ ಇರುವವರೆಗೆ ಬಟ್ಟಲಿನ ತಳ ಕೈಯಿಂದ ಮುಟ್ಟುವಷ್ಟು ಬೆಚ್ಚಗೆ ಮಾತ್ರ ಇರುತ್ತದೆ. ಬತ್ತಿ ಕೂರುವ ಮೂಗಿನಲ್ಲಿದ್ದರೆ ಅಪಾಯ ಉಂಟು: ಎಣ್ಣೆ ಮುಗಿದು ಬತ್ತಿ ಲೋಹಕ್ಕೆ ಒತ್ತಿ ಉರಿದಾಗ ಬೆಸುಗೆ ಬಿಡುತ್ತದೆ. ನಿಮ್ಮದು ತಳದಲ್ಲಿದೆ, ಹಾಗಾಗಿ ಅದೇ ಜಾತಿಯ ಬೆಸುಗೆಯನ್ನೇ ಮತ್ತೆ ಹರಿಸುವುದು ಸರಿಯಾದ ದಾರಿ.

ಮಾಡುವ ಕ್ರಮ ಇದು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ, ಬಿಚ್ಚಿದ ಬಟ್ಟಲನ್ನು ಮಾತ್ರ ಅರ್ಧ ಗಂಟೆ ನೆನೆಸಿ, ಬಿದಿರುಕಡ್ಡಿಯಿಂದ ಜಿಡ್ಡು ಕೆರೆದು, ತೊಳೆದು ಒಣಗಿಸಿ. ಬೆಸುಗೆ ಬಿಟ್ಟ ಜಾಗವನ್ನು ಒದ್ದೆ ಮಾಡಿ, 400 ನಂಬರಿನ ವಾಟರ್ ಪೇಪರಿನಿಂದ (ಒದ್ದೆಯಾಗಿ ತಿಕ್ಕುವ ಉಪ್ಪುಕಾಗದ) ಲೋಹ ಕಾಣುವವರೆಗೆ ತಿಕ್ಕಿ. ಒಣ ತಿಕ್ಕಿದರೆ ಸೀಸದ ಧೂಳು ಏಳುತ್ತದೆ. ತಿಕ್ಕಿದ ಕೆಸರನ್ನು ಕಾಗದದಲ್ಲಿ ಒರೆಸಿ ಕಟ್ಟಿ ಎಸೆದು ಕೈ ತೊಳೆದುಕೊಳ್ಳಿ, ಮಕ್ಕಳು ದೂರವಿರಲಿ. ಬೆಸುಗೆ ಹಿಡಿಯಲು ನೆರವಾಗುವ ರೋಸಿನ್ ಫ್ಲಕ್ಸ್ ಹಚ್ಚಿ, 60/40 ತವರ-ಸೀಸದ ತಂತಿಯಿಂದ ಬೆಸೆಯಬೇಕು. ಸೀಸ ಬೇಡವೆಂದರೆ ತವರ-ತಾಮ್ರದ ತಂತಿ ಸಿಗುತ್ತದೆ, ಅದಕ್ಕೆ 227 ಡಿಗ್ರಿ ಬೇಕು. ಆದರೆ ಆ ಶಾಖಕ್ಕೆ ಪಕ್ಕದ ಹಳೆಯ ಬೆಸುಗೆಯೂ ಕರಗೀತು. ಎಡವುವುದು ಬೆಸುಗೆಯ ಇಸ್ತ್ರಿಯಲ್ಲಿ (ಸೋಲ್ಡರಿಂಗ್ ಐರನ್). ರೇಡಿಯೊ ರಿಪೇರಿಯ 25 ವಾಟ್ ಇಸ್ತ್ರಿ ಇಲ್ಲಿ ಕೆಲಸಕ್ಕೆ ಬಾರದು. ಹಿತ್ತಾಳೆ ಬಟ್ಟಲು ಶಾಖವನ್ನೆಲ್ಲ ಹೀರಿಕೊಂಡು, ಬೆಸುಗೆ ಹರಿಯದೆ ಮುತ್ತಿನಂತೆ ಗುಂಡಾಗಿ ಕೂರುತ್ತದೆ. ಗಟ್ಟಿ ಹಿಡಿದಂತೆ ಕಂಡರೂ ಉಗುರಿನಿಂದ ಎಬ್ಬಿಸಿದರೆ ಎದ್ದುಬರುತ್ತದೆ. 100 ವಾಟ್ ಮೇಲಿನ, ದಪ್ಪ ತಾಮ್ರದ ಮೂಗಿನ ಇಸ್ತ್ರಿ ಬೇಕು. ಪಕ್ಕದ ಬೆಸುಗೆಗಳ ಮೇಲೆ ಒದ್ದೆ ಬಟ್ಟೆ ಹಾಸಿ, ಬಿರುಕಿನ ಪಕ್ಕದ ಲೋಹವನ್ನು ಮೊದಲು ಕಾಯಿಸಿ, ತಂತಿಯನ್ನು ಇಸ್ತ್ರಿಗಲ್ಲ, ಲೋಹಕ್ಕೆ ತಾಗಿಸಿ. ಬೆಸುಗೆ ನೀರಿನಂತೆ ಓಡಿ ಬಿರುಕಿಗೆ ತಾನೇ ಇಳಿಯಬೇಕು. ರಾಶಿ ಹಾಕಿದರೆ ಗಟ್ಟಿಯಾಗುವುದಿಲ್ಲ, ಅಸಹ್ಯ ಮಾತ್ರ ಆಗುತ್ತದೆ.

ಅಂಗಡಿಯವರು ಸತುವನ್ನು ಆಸಿಡ್ಡಿನಲ್ಲಿ ಕರಗಿಸಿದ ದ್ರವವನ್ನೇ ಫ್ಲಕ್ಸ್ ಆಗಿ ಬಳಸುವುದು ರೂಢಿ. ಬೆಸುಗೆ ಚೆನ್ನಾಗಿ ಹಿಡಿಯುತ್ತದೆ, ನಿಜ. ತೊಳೆಯದೆ ಬಿಟ್ಟರೆ ಒಂದು ಮಳೆಗಾಲಕ್ಕೆ ಬೆಸುಗೆಯ ಅಂಚಿನಲ್ಲೆಲ್ಲ ಹಸಿರು ಕಿಲುಬು ಬರುತ್ತದೆ. ಬಿಸಿನೀರು, ಆಮೇಲೆ ಅರ್ಧ ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿದ ನೀರು, ಮತ್ತೆ ಶುದ್ಧ ನೀರು: ಈ ಮೂರರಲ್ಲಿ ತೊಳೆಸಿಯೇ ಮನೆಗೆ ತನ್ನಿ. ಕೊನೆಗೆ ಸೀಮೆಸುಣ್ಣದ ಪರೀಕ್ಷೆ ಇನ್ನೊಮ್ಮೆ.

ಇಷ್ಟು ಗೋಜು ಬೇಡವೆನ್ನುವವರಿಗೆ ಒಂದು ಸುಲಭದ ಉಪಾಯವಿದೆ: ಬಟ್ಟಲಿನೊಳಗೆ ಕೂರುವ ತೆಳು ಹಿತ್ತಾಳೆ ಬಟ್ಟಲೊಂದನ್ನು ತಾಂಬಟರ (ತಾಮ್ರ ಬಡಿಯುವವರ) ಕೈಲಿ ಬಡಿಸಿಕೊಂಡು, ಎಣ್ಣೆಯನ್ನು ಅದರಲ್ಲೇ ಹಾಕುವುದು. ಶಿಖರದ ಕಂಬ ನಡುವೆ ಬರುವುದರಿಂದ ಉಂಗುರದಾಕಾರದ್ದು ಬೇಕಾದೀತು; ಅಥವಾ ಐದು ಮೂಗಿಗೂ ಒಂದೊಂದು ಪುಟ್ಟ ನಿರಂಜನ (ಒಂಟಿ ಬತ್ತಿಯ ಬಟ್ಟಲುದೀಪ) ಇಟ್ಟರೂ ಆಯಿತು. ದೀಪಕ್ಕೆ ಬಿಸಿ ಮುಟ್ಟಿಸುವ ಮಾತೇ ಇಲ್ಲ. ನಮ್ಮ ಮತ ಕೇಳಿದರೆ, ನೂರು ವರ್ಷ ದಾಟಿದ ದೀಪಕ್ಕೆ ಇದೇ ಮೊದಲ ಆಯ್ಕೆ. ಅಂದಹಾಗೆ, ಸೀಸದ ಬೆಸುಗೆಯಿರುವ ದೀಪದಲ್ಲಿ ಉಳಿದ ಎಣ್ಣೆ, ತುಪ್ಪವನ್ನು ಮೈಗೆ ತಲೆಗೆ ಹಚ್ಚಬೇಡಿ.

ಈಗ ಹಕ್ಕಿ. ಈ ದೀಪದಲ್ಲಿ ಒಂದು ಜಾಣತನವಿದೆ, ಅದು ಗೊತ್ತಿಲ್ಲದೆ ರಿಪೇರಿ ಮಾಡಿದವರೇ ಅದನ್ನು ಕೆಡಿಸಿರುತ್ತಾರೆ. ಹಕ್ಕಿಯ ಹೊಟ್ಟೆ ಗಾಳಿಯಾಡದಂತೆ ಮುಚ್ಚಿದ ಡಬ್ಬಿ. ಕೆಳಗೆ, ಕಾಲಿನ ಬಳಿ, ಬಟ್ಟಲಿಗೆ ಎಣ್ಣೆ ಬಿಡುವ ಒಂದೇ ತೂತು. ಎಣ್ಣೆ ಹೊರಬೀಳಬೇಕಾದರೆ ಅದರ ಜಾಗಕ್ಕೆ ಗಾಳಿ ಒಳಗೆ ಹೋಗಬೇಕು. ಬಟ್ಟಲಿನಲ್ಲಿ ಎಣ್ಣೆ ಏರಿ ಆ ತೂತನ್ನು ಮುಚ್ಚಿದೊಡನೆ ಗಾಳಿಯ ದಾರಿ ಕಟ್ಟಿತು, ಹರಿವು ನಿಂತಿತು. ಬತ್ತಿ ಎಣ್ಣೆ ಕುಡಿದು ಮಟ್ಟ ಇಳಿದಾಗ ತೂತಿನ ಅಂಚು ತೆರೆದು, ಗುಳುಕ್ ಎಂದು ಒಂದು ಗುಳ್ಳೆ ಒಳಗೆ ಹೋಗಿ, ಅಷ್ಟೇ ಎಣ್ಣೆ ಕೆಳಗೆ ಬೀಳುತ್ತದೆ. ಯಾರೂ ಮುಟ್ಟದೆ ದೀಪ ಗಂಟೆಗಟ್ಟಲೆ ಉರಿಯುವುದು ಹೀಗೆ.

ಆದ್ದರಿಂದ ಬಟ್ಟಲು ಉಕ್ಕುತ್ತಿದೆ ಎಂದರೆ ಬಟ್ಟಲನ್ನು ನೋಡಬೇಡಿ, ಹಕ್ಕಿಯ ಮೇಲ್ಭಾಗ ನೋಡಿ. ಬೆನ್ನಿನಲ್ಲೋ ಕತ್ತಿನ ಕೂಡುಗೆಯಲ್ಲೋ ಎಲ್ಲೋ ಸೂಜಿಮೊನೆಯಷ್ಟು ತೂತಿದ್ದು ಗಾಳಿ ನುಗ್ಗುತ್ತಿದೆ. ಹಳೆಯ ಬೆಸುಗೆ ಅಲ್ಲಿದ್ದರೆ ಮೊದಲ ಅನುಮಾನ ಅದರ ಮೇಲೆ, ಎರಡನೆಯದು ಎಣ್ಣೆ ತುಂಬುವ ಮುಚ್ಚಳದ ಮೇಲೆ. ಹಕ್ಕಿಯನ್ನು ಬಿಚ್ಚಿ, ಎಣ್ಣೆ ಪೂರ್ತಿ ತೆಗೆದು, ಕೆಳಗಿನ ತೂತಿಗೆ ಸಣ್ಣ ಪ್ಲಾಸ್ಟಿಕ್ ನಳಿಗೆ ಬಿಗಿಯಾಗಿ ಸಿಕ್ಕಿಸಿ, ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಮೆಲ್ಲಗೆ ಊದಿ. ಗುಳ್ಳೆ ಏಳುವ ಜಾಗವೇ ನಿಮ್ಮ ರೋಗ. ಮುಚ್ಚಳದಿಂದ ಎದ್ದರೆ ಎಣ್ಣೆಯಲ್ಲಿ ನೆನೆಸಿದ ಚರ್ಮದ ವಾಷರ್ ಸಾಕು. ಲೋಹದಿಂದ ಎದ್ದರೆ ಅಲ್ಲಿಗೆ ತವರದ ಒಂದು ಹನಿ. ಬತ್ತಿಗಳು ದೂರದ ಅಂಚಿನಲ್ಲಿರುವುದರಿಂದ ಶಾಖದ ಭಯವಿಲ್ಲ. ಪರೀಕ್ಷೆಯ ನಂತರ ಒಳಗೆ ಸ್ಪಿರಿಟ್ ಕುಲುಕಿ ಚೆಲ್ಲಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ನೀರು ಉಳಿದರೆ ದೀಪ ಚಟಪಟ ಸಿಡಿಯುತ್ತದೆ.

ಇದರ ತದ್ವಿರುದ್ಧ ತಪ್ಪೂ ಆಗುವುದುಂಟು: ಕೆಳಗಿನ ತೂತನ್ನೇ ಸೋರಿಕೆಯೆಂದು ತಿಳಿದು ಯಾರೋ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಆಗ ಹಕ್ಕಿ ಬರೀ ಗೊಂಬೆ. ಅದನ್ನು ಮಾತ್ರ ತೆಗೆಸಬಹುದು, ಬಿಸಿ ಇಸ್ತ್ರಿ ಮುಟ್ಟಿಸಿ ಒರೆಸಿದರೆ ಸಾಕು, ಡ್ರಿಲ್ ಬೇಡ. ಇನ್ನು, ಹೊಟ್ಟೆಯನ್ನು ಯಾವಾಗಲೂ ಭರ್ತಿ ತುಂಬಿ. ಅರ್ಧ ತುಂಬಿದರೆ ಒಳಗಿನ ಗಾಳಿ ಬಿಸಿಯೇರಿ ಹಿಗ್ಗಿ ಎಣ್ಣೆಯನ್ನು ಹೊರಗೆ ದೂಡುತ್ತದೆ. ಪುಣೆಯ ಏಪ್ರಿಲ್ ಮಧ್ಯಾಹ್ನ ಇದು ಚೆನ್ನಾಗಿ ಕಾಣುತ್ತದೆ. ಬೆನ್ನ ಮೇಲೆ ಮುಚ್ಚಳವಿರುವ ಮಾದರಿಯಾದರೆ ತುಂಬುವಾಗ ಕೆಳಗಿನ ತೂತನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು, ಮುಚ್ಚಳ ಬಿಗಿದ ಮೇಲೆಯೇ ಬೆರಳು ತೆಗೆಯಬೇಕು. ನೀವು ಹಾಗೆ ಮಾಡುತ್ತಿಲ್ಲವಾದರೆ ಉಕ್ಕುವುದಕ್ಕೆ ಅಷ್ಟೇ ಕಾರಣವೂ ಇದ್ದೀತು. ಮೊದಲು ಅದನ್ನು ನೋಡಿ, ಬಕೆಟ್ ಆಮೇಲೆ.

ಸರಪಳಿಯ ಕಬ್ಬಿಣದ ಕೊಂಡಿ ನೋಟಕ್ಕೆ ಮುಜುಗರವಾದರೂ ಪ್ರಶ್ನೆ ಭಾರದ್ದು. ತೇವದ ಗಾಳಿಯಲ್ಲಿ ಹಿತ್ತಾಳೆಗೆ ತಗುಲಿಕೊಂಡ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಮುಂಬಯಿ ಗೋವೆಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಕೊಂಡಿಗಳು ಒಂದನ್ನೊಂದು ಮುಟ್ಟುವ ಬಾಗಿನಲ್ಲಿ ದಪ್ಪ ಅಳೆಯಿರಿ, ಹಿತ್ತಾಳೆಯವನ್ನೂ ಸೇರಿಸಿ. ಬದಿಯಲ್ಲಿ 4 ಮಿಲಿಮೀಟರ್ ಇದ್ದದ್ದು ಬಾಗಿನಲ್ಲಿ ಎರಡೂವರೆಗೆ ಸವೆದಿದ್ದರೆ ಆ ಕೊಂಡಿಯ ಮೇಲೆ ಭಾರ ಬಿಡಬೇಡಿ. ಕಬ್ಬಿಣದ್ದನ್ನು ಉಳಿಸಿಕೊಳ್ಳಬೇಕೆಂದರೆ ಅದರ ಎರಡು ಪಕ್ಕದ ಕೊಂಡಿಗಳ ನಡುವೆ 2 ಮಿಲಿಮೀಟರಿನ ಸ್ಟೇನ್‌ಲೆಸ್ ತಂತಿ ಬಿಗಿಸಿ, ಭಾರ ತಂತಿಯ ಮೇಲೆ ಬರುವಂತೆ ಮಾಡಿ. ತೂಗುಹಾಕುವ ಮುನ್ನ ನೆಲದಿಂದ ಒಂದು ಗೇಣು ಮೇಲೆ, ಕೆಳಗೆ ಹಾಸಿಗೆ ಹಾಕಿ, ದೀಪ ಮತ್ತು ಎಣ್ಣೆಯ ತೂಕದ ಮೂರು ಪಟ್ಟು ಭಾರವನ್ನು ಒಂದು ದಿನ ಸರಪಳಿಗೆ ಕಟ್ಟಿ ನೋಡಿ. ಒಂದು ಲೀಟರ್ ಎಣ್ಣೆ ಎಂದರೆ ಸುಮಾರು 920 ಗ್ರಾಂ. ಮೇಲಿನ ಕೊಕ್ಕೆ ಸ್ಲ್ಯಾಬಿನ ಕಾಂಕ್ರೀಟಿಗೇ ಹೋಗಬೇಕು. ಪಿಒಪಿ ಸೀಲಿಂಗಿಗೆ ಹಾಕಿದ ಕೊಕ್ಕೆಯನ್ನು ನಂಬಬೇಡಿ.

ಗಾಜಿನ ದೀಪದ್ದು ಸುಲಭ. ಹಿತ್ತಾಳೆ ಕತ್ತು ಗಾಜಿಗೆ ಅಂಟಿರುವುದು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ, ಅದು ವಯಸ್ಸಾಗಿ ಪುಡಿಯಾಗಿದೆ. ಎಣ್ಣೆ ಖಾಲಿ ಮಾಡಿ, ಬೆಚ್ಚಗಿನ ನೀರಿಗೆ ಸ್ವಲ್ಪ ವಿನೆಗರ್ ಸೇರಿಸಿ ಕತ್ತನ್ನು ನೆನೆಸಿ, ಹಳೆಯ ಪ್ಲಾಸ್ಟರ್ ಕೆರೆದು ತೆಗೆಯಿರಿ. 100 ಗ್ರಾಂ ಪುಡಿಗೆ ಸುಮಾರು 60 ಮಿಲಿಲೀಟರ್ ನೀರಿನಂತೆ ಕಲಸಿ, ಕತ್ತಿನ ಒಳಗೆ ತುಂಬಿ, ಗಾಜಿನ ಮೇಲೆ ನೆಟ್ಟಗೆ ಕೂರಿಸಿ, ಒಂದು ದಿನ ಮುಟ್ಟಬೇಡಿ. ಬರ್ನರ್ ಕೊಳ್ಳಲು ಹೊರಟರೆ ಕತ್ತಿನ ಬಾಯಿ ಅಳೆದುಕೊಂಡು ಹೋಗಿ: ಅಮೆರಿಕನ್ ಮಾದರಿಯ 1 ನಂಬರಿನದು ಸುಮಾರು 22 ಮಿಲಿಮೀಟರ್, 2 ನಂಬರಿನದು ಸುಮಾರು 32. ಗಾಜಿನ ಬುರುಡೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಆ ದೀಪ ಅಲಂಕಾರಕ್ಕೆ ಮಾತ್ರ. ಅದಕ್ಕೆ ಅಂಟು ಹಾಕಿ ಹಚ್ಚುವ ಸಾಹಸ ಬೇಡ.

ತೊಳೆಯುವ ವಿಷಯದಲ್ಲಿ ಒಂದು ಮಾತು. ಹುಣಸೆ, ನಿಂಬೆ ಹಿತ್ತಾಳೆಯ ಸತುವನ್ನು ತಿನ್ನುತ್ತವೆ. ತೊಳೆದ ಮೇಲೆ ಅಲ್ಲಲ್ಲಿ ಕಾಣುವ ನಸುಗೆಂಪು ಕಲೆ ಉಳಿದ ತಾಮ್ರದ್ದು. ತೇಪೆಯ ಸಂದಿಗೆ ಹುಳಿ ಇಳಿದರೆ ಹೊರಗೆ ಬರುವುದಿಲ್ಲ, ಅಲ್ಲೇ ಕೂತು ಕೆಲಸ ಮಾಡುತ್ತದೆ. ಅಮೋನಿಯಾ ವಾಸನೆ ಹೊಡೆಯುವ ಪಾಲಿಷ್ ಇನ್ನೂ ಕೆಟ್ಟದ್ದು. ಬ್ರಿಟಿಷರ ಕಾಲದಲ್ಲಿ ಕುದುರೆಲಾಯದಲ್ಲಿ ಇಟ್ಟ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದವು. ಕುದುರೆಗಳ ಮೂತ್ರದ ಅಮೋನಿಯಾ ಅದಕ್ಕೆ ಕಾರಣವೆಂಬ ವಿವರಣೆ 1921ರಲ್ಲಿ ಬಂತು. ಬಡಿದು ಎಳೆದು ಮಾಡಿದ ತೋಟಾದ ಲೋಹದಲ್ಲಿ ಬಿಗಿತ ಉಳಿದಿರುತ್ತದೆ, ಹಾಳೆಯಿಂದ ಬಡಿದು ಮಾಡಿದ ಬಟ್ಟಲಿನೊಳಗೂ ಅದೇ ಬಿಗಿತ ಇರುತ್ತದೆ. ವಾರದ ದೀಪಕ್ಕೆ ಬಿಸಿನೀರು, ಪಾತ್ರೆ ಸೋಪು, ಮೆತ್ತನೆ ಬಟ್ಟೆ ಸಾಕು. ಹಬ್ಬಕ್ಕೆ ಪೀತಾಂಬರಿ ಪುಡಿ ಬೇಕೇ ಬೇಕೆಂದರೆ ತೇಪೆಯ ಜಾಗ ಬಿಟ್ಟು ಉಜ್ಜಿ, ಕೂಡಲೇ ತೊಳೆದು ಒರೆಸಿ.

ಬೆಲೆಯನ್ನೂ ನೀವು ಮನಸ್ಸಿನಲ್ಲಿಟ್ಟುಕೊಂಡಿದ್ದರೆ: ಕೈಕೆಲಸದ ಹಳೆಯ ತೇಪೆಯಿಂದ ದೀಪದ ಬೆಲೆ ಕುಸಿಯುವುದಿಲ್ಲ, ಬಫ್‌ನಿಂದ ಕುಸಿಯುತ್ತದೆ. ಬಫ್ ಚಕ್ರ ಹಕ್ಕಿಯ ಕಣ್ಣು ರೆಕ್ಕೆಯ ಗೆರೆಗಳನ್ನು ಸವೆಸಿಬಿಟ್ಟರೆ ಮರಳಿ ತರಲಾಗದು. ನೂರು ವರ್ಷಕ್ಕೂ ಹಳೆಯ ವಸ್ತು 1972ರ ಪುರಾತನ ವಸ್ತುಗಳ ಕಾಯಿದೆಯಡಿ ಬರುತ್ತದೆ, ವಿದೇಶದಲ್ಲಿರುವ ಮಗನಿಗೆಂದು ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವಂತಿಲ್ಲ.

ಕೆಲಸಕ್ಕೆ ದೂರ ಹೋಗಬೇಕಿಲ್ಲ. ಕಸಬಾ ಪೇಟೆಯ ತಾಂಬಟ್ ಆಳಿಯಲ್ಲಿ ತಾಮ್ರ ಬಡಿಯುವವರು ಇಂದಿಗೂ ಇದ್ದಾರೆ, ಒಳಬಟ್ಟಲು ಬಡಿಸಲು ಅವರೇ ಸರಿ. ಹೋಗುವ ಮುನ್ನ ಬಾಜಿರಾವ್ ರಸ್ತೆಯ ಕೇಳ್ಕರ್ ಮ್ಯೂಸಿಯಮ್ಮಿನಲ್ಲಿ ದೀಪಗಳ ಸಂಗ್ರಹ ನೋಡಿಕೊಳ್ಳಿ, ಹಕ್ಕಿಗೆ ಮುಚ್ಚಳ ಹೊಸದಾಗಿ ಮಾಡಿಸಬೇಕಾಗಿ ಬಂದರೆ ಆಕಾರದ ಅಂದಾಜು ಸಿಕ್ಕೀತು. ದೀಪವನ್ನು ಪೂರ್ತಿ ಒಯ್ಯಬೇಡಿ. ಕೆಲಸವಿರುವ ಭಾಗವನ್ನಷ್ಟೇ ಬಿಚ್ಚಿ ಒಯ್ದು, “ಪಾಲಿಶ್ ನಕೋ, ಗ್ಯಾಸ್ ನಕೋ” ಎಂದು ಮೊದಲೇ ಹೇಳಿ, ಬೆಸುಗೆಯ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಕೊಡಿ.